ಮೈಸೂರಿಗೆ ಸುಮ್ಮನೆ ಹೋದ ದಿನ

ಡಿಸೆಂಬರ್ ಬಂತೆಂದರೆ ನಮ್ಮ ಕಡೆಯ ಶಾಲೆಗಳಲ್ಲಿ ಪ್ರವಾಸದ ಪಟ್ಟಿ ತಯಾರಾಗುತ್ತದೆ. ಇಪ್ಪತ್ತೈದು ವರ್ಷಗಳಿಂದ ಈ ಪಟ್ಟಿ ಬರೆಯುತ್ತಾ ಬಂದಿರುವ ನನಗೆ ಒಂದು ಅಭ್ಯಾಸ ಬಿದ್ದಿದೆ. ಪಟ್ಟಿಯಲ್ಲಿರುವ ಹೆಸರುಗಳಿಗಿಂತ ಮೊದಲು ಅದರಲ್ಲಿ ಇಲ್ಲದ ಹೆಸರುಗಳನ್ನು ನೋಡುತ್ತೇನೆ.

ಹುಣಸೂರು ತಾಲ್ಲೂಕಿನ ನಮ್ಮ ಶಾಲೆಯಲ್ಲಿ ಆರನೇ ತರಗತಿಯ ಹುಡುಗನೊಬ್ಬ ಹೆಸರು ಕೊಟ್ಟಿರಲಿಲ್ಲ. ಏಕೆಂದು ಕೇಳಿದೆ. "ನಂಗೆ ಬಸ್ಸಲ್ಲಿ ವಾಂತಿ ಆಯ್ತದೆ ಸಾ" ಎಂದ. ನಿಜ ಸಂಗತಿ ಅವರಪ್ಪ ಸಿಕ್ಕಾಗ ತಿಳಿಯಿತು. "ಹೊಗೆಸೊಪ್ಪಿನ ದುಡ್ಡು ಕೈಗೆ ಬರೋಷ್ಟರಲ್ಲಿ ಸಾಲ ಕೊಟ್ಟೋರು ಬಾಗ್ಲಲ್ಲಿ ನಿಂತಿರ್ತಾರೆ ಮೇಷ್ಟ್ರೇ. ಸಾವಿರಾರು ರೂಪಾಯಿ ಟೂರಿಗೆ ಎಲ್ಲಿಂದ ತರ್ಲಿ?" ಎಂದರು. ಹುಡುಗನ ತಂಗಿ ಎರಡನೇ ತರಗತಿ. ಇಬ್ಬರೂ ರೈಲು ನೋಡಿರಲಿಲ್ಲ. ನೋಡುವುದಾದರೂ ಎಲ್ಲಿ? ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಮೂರು ತಾಲ್ಲೂಕುಗಳಲ್ಲೂ ಹಳಿ ಇಲ್ಲ. ಕೆ.ಆರ್. ನಗರದವರು ಮಾತ್ರ ಈ ವಿಷಯದಲ್ಲಿ ಪುಣ್ಯವಂತರು.

"ಒಂದು ಭಾನುವಾರ ನಿಮ್ಮ ಮನೆಯವರು, ನಮ್ಮ ಮನೆಯವರು ಸೇರಿ ಮೈಸೂರಿಗೆ ಹೋಗಿಬರೋಣ. ದುಡ್ಡು ಕೇಳುವ ಜಾಗಕ್ಕೆ ಹೆಚ್ಚು ಹೋಗುವುದು ಬೇಡ" ಎಂದೆ. ಅವರು ಅನುಮಾನದಿಂದಲೇ ಒಪ್ಪಿದರು.

ಬೆಳಗಿನ ಬಸ್ಸು ಹಿಡಿದೆವು. ಹುಣಸೂರಿನಿಂದ ಮೈಸೂರು ಸುಮಾರು 45 ಕಿಲೋಮೀಟರ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಟಿಕೆಟ್ಟಿನ ಹಣವಿಲ್ಲ. ಹಾಗಾಗಿ ಆ ಕುಟುಂಬಕ್ಕೆ ಬಿದ್ದದ್ದು ಅಪ್ಪನ ಒಂದು ಟಿಕೆಟ್, ಹುಡುಗನ ಅರ್ಧ ಟಿಕೆಟ್. ಎರಡು ಮನೆಯ ಬುತ್ತಿ ಜೊತೆಗಿತ್ತು.

ಬಸ್ ನಿಲ್ದಾಣದವರೆಗೆ ಹೋಗದೆ ಮಾನಸಗಂಗೋತ್ರಿಯ ಬಳಿಯೇ ಇಳಿದು ಕುಕ್ಕರಹಳ್ಳಿ ಕೆರೆಗೆ ನಡೆದೆವು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, 1864ರ ಕೆರೆ ಇದು. ಏರಿಯ ಮೇಲೆ ಮರಗಳ ನೆರಳು, ಪಕ್ಕದಲ್ಲಿ ನೀರು, ನಡುವೆ ನಡುಗಡ್ಡೆ. ಹೆಜ್ಜಾರ್ಲೆಗಳು ದೋಣಿಗಳಂತೆ ತೇಲುತ್ತಿದ್ದವು. ಬಣ್ಣದ ಕೊಕ್ಕರೆಗಳೂ ಇದ್ದವು. "ಎಷ್ಟವೆ ಅಜ್ಜ?" ಎಂದು ಚಿಕ್ಕವಳು ಕೇಳಿದಳು. ಎಣಿಸಲು ಹೊರಟರೆ ಹಕ್ಕಿಗಳು ಜಾಗ ಬದಲಾಯಿಸಿಬಿಡುತ್ತವೆ. ಅದಕ್ಕೆ ಒಂದು ಉಪಾಯವಿದೆ. ಒಂದು ಮರದ ಮೇಲಿರುವುದನ್ನು ಸರಿಯಾಗಿ ಎಣಿಸುವುದು, ಅಂಥವೇ ಎಷ್ಟು ಮರಗಳಿವೆ ನೋಡುವುದು, ಎರಡನ್ನೂ ಗುಣಿಸುವುದು. ಪಕ್ಷಿತಜ್ಞರ ಅಂದಾಜಿಗೂ ಮೂಲ ಇದೇ. ಹುಡುಗ ಎರಡು ಮರಗಳನ್ನು ಎಣಿಸಿ, ಸರಾಸರಿ ತೆಗೆದು ಲೆಕ್ಕ ಹೇಳಿದ. ಸರಾಸರಿಯನ್ನು ನಾನು ಹೇಳಿಕೊಟ್ಟಿರಲಿಲ್ಲ.

ಅಲ್ಲಿಂದ ಕೆ.ಆರ್.ಎಸ್. ರಸ್ತೆಯ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಹೋದೆವು. 1979ರಲ್ಲಿ ಆರಂಭವಾದ ಇದು, ದೆಹಲಿಯದನ್ನು ಬಿಟ್ಟರೆ ದೇಶದಲ್ಲಿ ಎರಡನೆಯದು. ಇಲ್ಲಿ ಟಿಕೆಟ್ ಉಂಟು. ಆ ದಿನ ನಾವು ಹಣ ಕೊಟ್ಟು ಒಳಹೋದ ಜಾಗ ಇದೊಂದೇ. ಹಳೆಯ ಉಗಿ ಎಂಜಿನ್‌ಗಳು, ಮಹಾರಾಣಿಯವರು ಪ್ರಯಾಣ ಮಾಡುತ್ತಿದ್ದ ಬೋಗಿ, ಹಳಿಯ ಮೇಲೆ ಓಡುವಂತೆ ಮಾರ್ಪಡಿಸಿದ ಆಸ್ಟಿನ್ ಕಾರು, ಎಲ್ಲವನ್ನೂ ಹತ್ತಿರದಿಂದ ನೋಡಬಹುದು.

ಹುಡುಗ ಎಂಜಿನ್ ಸುತ್ತ ಎರಡು ಸುತ್ತು ಬಂದು ಕೇಳಿದ: "ಸಾ, ಇದಕ್ಕೆ ಸ್ಟೇರಿಂಗ್ ಎಲ್ಲಿ?"

ಚಕ್ರದ ಒಳಅಂಚಿನಲ್ಲಿ ಎದ್ದಿರುವ ಏಣನ್ನು ತೋರಿಸಿ ಉತ್ತರ ಹೇಳಿ ಮುಗಿಸಬಹುದಿತ್ತು. ಬಹಳ ಜನ ಹಾಗೆಂದೇ ತಿಳಿದಿದ್ದಾರೆ. ಆದರೆ ಆ ಏಣು ಕಡೆಯ ರಕ್ಷಣೆ ಮಾತ್ರ. ನಾನು ಹುಡುಗನ ಅಪ್ಪನ ಕಡೆ ತಿರುಗಿ, "ಎತ್ತಿನ ಗಾಡಿ ತಿರುವಿನಲ್ಲಿ ಹೇಗೆ ತಿರುಗುತ್ತದೆ, ಹೇಳಿ ನೋಡೋಣ" ಎಂದೆ. ಅವರು ಸ್ವಲ್ಪ ನಾಚಿಕೊಂಡೇ ಶುರುಮಾಡಿದರು. "ಗಾಡೀಲಿ ಅಚ್ಚು ನಿಂತಿರ್ತದೆ, ಚಕ್ರ ಸುತ್ತುತ್ತದೆ. ತಿರುವಲ್ಲಿ ಹೊರಗಿನ ಚಕ್ರ ಜಾಸ್ತಿ ಸುತ್ತುತ್ತದೆ, ಒಳಗಿನದು ಕಮ್ಮಿ." ಆಮೇಲೆ ಬಗ್ಗಿ ಎಂಜಿನ್ನಿನ ಕೆಳಗೆ ನೋಡಿದರು. "ಆದ್ರೆ ಇಲ್ಲಿ ಎರಡು ಚಕ್ರಾನೂ ಅಚ್ಚಿಗೇ ಬಿಗಿದವ್ರಲ್ಲ! ಎರಡೂ ಒಂದೇ ಸಮ ಸುತ್ತಬೇಕು. ಮತ್ತೆ ತಿರುವಲ್ಲಿ ಹೆಂಗೆ?"

ಪ್ರಶ್ನೆಯ ಜೀವ ಇರುವುದೇ ಅಲ್ಲಿ. ಚಹಾ ಕುಡಿದ ಎರಡು ಕಾಗದದ ಲೋಟಗಳ ಬಾಯಿಗೆ ಬಾಯಿ ಸೇರಿಸಿ ಅಂಟಿಸಿದೆವು. ಎರಡು ಕಡ್ಡಿಗಳನ್ನು ಹಳಿಗಳಂತೆ ಓರೆಯಾಗಿಟ್ಟು ಮೇಲಿಂದ ಉರುಳಿಸಿದೆವು. ಲೋಟಗಳ ಜೋಡಿ ಒಂದು ಪಕ್ಕಕ್ಕೆ ವಾಲಿದರೂ ತಾನೇ ನಡುವಿಗೆ ಮರಳುತ್ತಾ ಕೆಳಗೆ ಬಂತು. ರೈಲಿನ ಚಕ್ರವೂ ಹೀಗೆಯೇ ಒಳಬದಿಯಲ್ಲಿ ದಪ್ಪ, ಹೊರಬದಿಯಲ್ಲಿ ತುಸು ಸಣ್ಣ. ತಿರುವಿನಲ್ಲಿ ಬೋಗಿ ಹೊರಕ್ಕೆ ಸರಿದಾಗ ಹೊರಗಿನ ಚಕ್ರ ತನ್ನ ದಪ್ಪ ಭಾಗದ ಮೇಲೂ ಒಳಗಿನದು ಸಣ್ಣ ಭಾಗದ ಮೇಲೂ ಉರುಳುತ್ತವೆ. ಒಂದೇ ಸುತ್ತಿನಲ್ಲಿ ಹೊರಗಿನದು ಹೆಚ್ಚು ದೂರ ಹೋಗುತ್ತದೆ. ಬೋಗಿ ತಾನೇ ತಿರುಗಿಕೊಳ್ಳುತ್ತದೆ. ಅಪ್ಪ ಅದನ್ನು ತಮ್ಮ ಮಾತಿನಲ್ಲಿ ಮಗನಿಗೆ ಮತ್ತೊಮ್ಮೆ ವಿವರಿಸಿದರು. ಹುಡುಗ ಅಪ್ಪನ ಮುಖವನ್ನೇ ನೋಡುತ್ತಿದ್ದ. ನಾನು ಸುಮ್ಮನಿದ್ದೆ.

ನೆರಳಿನಲ್ಲಿ ಬುತ್ತಿ ಬಿಚ್ಚಿ ಊಟ ಮಾಡಿ, ಸಿಟಿ ಬಸ್ಸಿನಲ್ಲಿ ಕಾರಂಜಿ ಕೆರೆಯ ದಂಡೆಯ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯಕ್ಕೆ ಹೋದೆವು. 1995ರಲ್ಲಿ ತೆರೆದ ಕೇಂದ್ರ ಸರ್ಕಾರದ ಸಂಸ್ಥೆ. ಬಾಗಿಲಲ್ಲಿ ನಮ್ಮನ್ನು ಯಾರೂ ಹಣ ಕೇಳಲಿಲ್ಲ. ಕಾಡು, ಪ್ರಾಣಿ, ಸಸ್ಯಗಳ ಸಂಬಂಧವನ್ನು ಮಾದರಿಗಳ ಮೂಲಕ ಅಲ್ಲಿ ತೋರಿಸಿದ್ದಾರೆ. ನಾಗರಹೊಳೆಯ ಅಂಚಿನಲ್ಲಿ ಬದುಕುವ ನಮ್ಮ ಮಕ್ಕಳಿಗೆ ಆನೆ ಹೊಸದಲ್ಲ, ರಾತ್ರಿ ಜೋಳದ ಹೊಲಕ್ಕೆ ಬರುವ ನೆಂಟ. ಆದರೆ ಆನೆ ಏಕೆ ಬರುತ್ತದೆ, ಕಾಡು ಹೋದರೆ ನಮ್ಮ ಹೊಳೆ ಏನಾಗುತ್ತದೆ ಎಂಬುದನ್ನು ನಿಂತು ಯೋಚಿಸಲು ಇಂಥ ಜಾಗ ಬೇಕು.

ಸಂಜೆ ಅರಮನೆಯ ಎದುರು ನಿಂತೆವು. ಮರದ ಹಳೆಯ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಕಟ್ಟಿ, 1912ರಲ್ಲಿ ಮುಗಿಸಿದ್ದು ಈಗಿನ ಅರಮನೆ. ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ ಏಳರ ಹೊತ್ತಿಗೆ ಸುಮಾರು 97,000 ದೀಪಗಳು ಒಮ್ಮೆಲೇ ಹೊತ್ತಿಕೊಳ್ಳುತ್ತವೆ. ಆ ಕ್ಷಣ ಚಿಕ್ಕವಳು ಅಮ್ಮನ ಸೆರಗು ಹಿಡಿದುಕೊಂಡಳು.

ಆಗ ನಾನು ಮಕ್ಕಳಿಗೆ ನದಿಯ ಲೆಕ್ಕ ಹೇಳಿದೆ. ಈ ಸೀಮೆಯಲ್ಲಿ ಮೊದಲು ದೊಡ್ಡ ಪ್ರಮಾಣದಲ್ಲಿ ವಿದ್ಯುತ್ ಹುಟ್ಟಿದ್ದು 1902ರಲ್ಲಿ, ಶಿವನಸಮುದ್ರದಲ್ಲಿ. ಹುಣಸೂರಿನ ಲಕ್ಷ್ಮಣತೀರ್ಥ, ಪಿರಿಯಾಪಟ್ಟಣ ಮತ್ತು ಕೆ.ಆರ್. ನಗರವನ್ನು ಮುಟ್ಟಿ ಬರುವ ಕಾವೇರಿ, ಕೋಟೆಯ ಕಬಿನಿ, ಎಲ್ಲವೂ ಒಂದಾಗಿ ಹೋಗುವುದು ಅಲ್ಲಿಗೇ. "ಹಂಗಾದ್ರೆ ಈ ಬೆಳಕಲ್ಲಿ ನಮ್ಮೂರ ನೀರೂ ಅದೆ" ಎಂದ ಹುಡುಗ.

ಆ ಮನೆಯ ಇಡೀ ದಿನದ ಖರ್ಚು 500 ರೂಪಾಯಿ ಮುಟ್ಟಲಿಲ್ಲ.

ಹೋಗುವವರಿಗೆ ಒಂದೆರಡು ಮಾತು. ಭಾನುವಾರವೇ ಹೊರಡಿ, ದೀಪಾಲಂಕಾರ ಸಿಗುತ್ತದೆ. ಪ್ರಾಕೃತಿಕ ಸಂಗ್ರಹಾಲಯಕ್ಕೆ ಸೋಮವಾರ ರಜೆ, ಮೃಗಾಲಯಕ್ಕೆ ಮಂಗಳವಾರ. ಕೆ.ಆರ್. ನಗರದವರು ಬಸ್ಸು ಬಿಟ್ಟು ರೈಲಿನಲ್ಲೇ ಬನ್ನಿ, ಮಕ್ಕಳಿಗೆ ಅದೇ ಅರ್ಧ ಪ್ರವಾಸ. ಕೋಟೆಯ ಕಡೆಯವರು ಕಾಲಿಗೆ ಬಲವಿರುವ ಮಕ್ಕಳಿದ್ದರೆ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲಿನಿಂದ ಆರಂಭಿಸಬಹುದು. ಸಾವಿರ ಮೆಟ್ಟಿಲು, ದಾರಿಯಲ್ಲಿ ಏಕಶಿಲೆಯ ನಂದಿ, ಖರ್ಚಿಲ್ಲ. ನಿಮ್ಮ ಹಳ್ಳಿಗೆ ಕಡೆಯ ಬಸ್ಸು ಎಷ್ಟು ಗಂಟೆಗೆಂದು ಬೆಳಿಗ್ಗೆಯೇ ವಿಚಾರಿಸಿಕೊಳ್ಳಿ. ಮಗುವಿನ ಜೇಬಿನಲ್ಲಿ ನಿಮ್ಮ ಫೋನ್ ನಂಬರಿನ ಚೀಟಿ ಇರಲಿ. ಒಂದು ದಿನಕ್ಕೆ ಮೂರು ಜಾಗ ಸಾಕು. ನಾಲ್ಕನೆಯದರಲ್ಲಿ ಮಕ್ಕಳು ಅಳುತ್ತಾರೆ, ದೊಡ್ಡವರು ಬಯ್ಯುತ್ತಾರೆ.

ವಾಪಸು ಬರುವಾಗ ಮಕ್ಕಳಿಬ್ಬರೂ ನಿದ್ದೆಹೋಗಿದ್ದರು. ಹುಡುಗನಿಗೆ ಬಸ್ಸಿನಲ್ಲಿ ವಾಂತಿಯೇನೂ ಆಗಲಿಲ್ಲ. ಅವರಪ್ಪ ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದು, ಇಲವಾಲ ದಾಟಿದ ಮೇಲೆ ಹೇಳಿದರು: "ಮೈಸೂರಿಗೆ ಎಷ್ಟು ಸಲ ಬಂದಿದೀನೋ ಮೇಷ್ಟ್ರೇ. ಆಸ್ಪತ್ರೆಗೆ ಬಂದಿದೀನಿ, ಕೋರ್ಟಿಗೆ ಬಂದಿದೀನಿ, ಸಾಲ ಕೇಳೋಕೆ ಬಂದಿದೀನಿ. ಸುಮ್ನೆ ಬಂದಿದ್ದು ಇದೇ ಮೊದಲು."

ಸೋಮವಾರ ಹುಡುಗ ಎರಡು ಕಾಗದದ ಲೋಟ ತಂದು ತರಗತಿಯಲ್ಲಿ ಉರುಳಿಸಿ ತೋರಿಸಿದ. ಆ ವಾರ ಪಟ್ಟಿಯಲ್ಲಿ ಹೆಸರಿಲ್ಲದ ಇನ್ನಿಬ್ಬರು ಮಕ್ಕಳ ತಂದೆಯರು ಶಾಲೆಯ ಗೇಟಿನ ಬಳಿ ನನ್ನನ್ನು ನಿಲ್ಲಿಸಿ ಕೇಳಿದರು: "ಮೇಷ್ಟ್ರೇ, ಬೆಳಗಿನ ಬಸ್ಸು ಎಷ್ಟು ಗಂಟೆಗೆ?"