ನಲವತ್ತು ದಿನಗಳ ಲೆಕ್ಕ

“ಮಗು ರಾತ್ರಿ ನಿದ್ದೆ ಮಾಡುತ್ತದಾ?”

ಬಾಣಂತಿಯನ್ನು ನೋಡಲು ಬಂದವರು ಮೊದಲು ಕೇಳುವುದು ಇದನ್ನೇ. ಆಮೇಲೆ ಹಾಲು ಸಾಕಾಗುತ್ತದಾ, ತೂಕ ಎಷ್ಟು, ಮೂಗು ಯಾರದ್ದು, ಬಣ್ಣ ಯಾರದ್ದು ಎಂದು ಪ್ರಶ್ನೆಗಳು ಬೆಳೆಯುತ್ತವೆ. ನಿನಗೆ ನಿದ್ದೆ ಬರುತ್ತದಾ ಎಂದು ತಾಯಿಯನ್ನು ಕೇಳಿದವರು ನಮ್ಮ ನೆನಪಿನಲ್ಲಿ ಒಬ್ಬರೇ ಒಬ್ಬರು. ಅವರ ವಿಷಯ ಮುಂದೆ ಬರುತ್ತದೆ.

ನಾವು ಎಂದರೆ ಅಕ್ಕತಂಗಿಯರಿಬ್ಬರು. 2023ರ ಜುಲೈ ತಿಂಗಳಲ್ಲಿ, ಹನ್ನೆರಡು ದಿನಗಳ ಅಂತರದಲ್ಲಿ ನಮ್ಮಿಬ್ಬರಿಗೂ ಹೆರಿಗೆಯಾಯಿತು. ಅಕ್ಕನಿಗೆ ಎರಡನೆಯದು, ತಂಗಿಗೆ ಚೊಚ್ಚಲು. ಒಂದು ಗಂಡು, ಒಂದು ಹೆಣ್ಣು. ಬಂಟ್ವಾಳ ತಾಲೂಕಿನ ನಮ್ಮ ತವರಿನಲ್ಲಿ ಒಂದೇ ಕೋಣೆಯಲ್ಲಿ ಎರಡು ಮಂಚ, ಎರಡು ತೊಟ್ಟಿಲು ಹಾಕಿ ಉಮ್ಮ ನಮ್ಮಿಬ್ಬರ ಬಾಣಂತನಕ್ಕೂ ಸೊಂಟ ಕಟ್ಟಿ ನಿಂತರು. ಗಂಡಂದಿರಲ್ಲಿ ಒಬ್ಬರು ಸೌದಿಯ ಜುಬೈಲಿನಲ್ಲಿ, ಇನ್ನೊಬ್ಬರು ಮಂಗಳೂರಿನಲ್ಲಿ.

ಈ ಲೇಖನವನ್ನು ಇಬ್ಬರೂ ಸೇರಿ ಬರೆಯುತ್ತಿದ್ದೇವೆ. ನಡೆದದ್ದರಲ್ಲಿ ಒಂದು ಭಾಗ ನಮ್ಮಲ್ಲಿ ಒಬ್ಬಳಿಗೆ ಮಾತ್ರ ಸೇರಿದ್ದು. ಅವಳು ಯಾರೆಂದು ಬರೆಯುವುದಿಲ್ಲ. ಚೊಚ್ಚಲಿನವಳೇ ಇರಬೇಕೆಂದು ನೀವು ಊಹಿಸಬಹುದು. ಊಹೆ ಸರಿಯಿರಬಹುದು, ತಪ್ಪಿರಲೂಬಹುದು. ಇಬ್ಬರಲ್ಲಿ ಯಾರಿಗೆ ಬೇಕಾದರೂ ಆಗಬಹುದಾಗಿದ್ದ ವಿಷಯವದು.

ಆಟಿ ತಿಂಗಳ ಮಳೆ ಹೇಗಿರುತ್ತದೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಎರಡು ಮಕ್ಕಳು ದಿನಕ್ಕೆ ಒದ್ದೆ ಮಾಡುವ ಬಟ್ಟೆ ತುಂಡುಗಳನ್ನು ಒಣಗಿಸುವುದೇ ಮನೆಯ ದೊಡ್ಡ ಉದ್ಯೋಗವಾಗಿತ್ತು. ಬಚ್ಚಲಿನಲ್ಲಿ ಹಂಡೆಯ ಒಲೆಯ ಮೇಲೆ ಹಗ್ಗ, ಅಡುಗೆ ಕೋಣೆಯಲ್ಲಿ ಹಗ್ಗ, ಚಾವಡಿಯ ಫ್ಯಾನಿನ ಕೆಳಗೂ ಹಗ್ಗ. ಮಕ್ಕಳ ಮೈಯಲ್ಲಿ ಸದಾ ಒಂದು ತೆಳುವಾದ ಹೊಗೆಯ ವಾಸನೆ. ಬೆಳಿಗ್ಗೆ ಮೆಂತೆಯ ಗಂಜಿ, ಹತ್ತು ಗಂಟೆಗೆ ಎಣ್ಣೆ ಹಚ್ಚಿ ಕುದಿಯುವಂಥ ಬಿಸಿನೀರಿನ ಸ್ನಾನ, ಮಧ್ಯಾಹ್ನ ಬೆಳ್ಳುಳ್ಳಿ, ಕರಿಮೆಣಸು ಹಾಕಿದ ಊರಕೋಳಿಯ ಸಾರು, ಸಂಜೆ ಓಲೆಬೆಲ್ಲದ ಬಾಣಂತಿ ಮದ್ದು. ನಮ್ಮ ಅಜ್ಜಿ ಮಂಚದ ಬಳಿ ಕುಳಿತು ತಟ್ಟೆ ಖಾಲಿಯಾಗುವ ತನಕ ಏಳುತ್ತಿರಲಿಲ್ಲ. ಪಕ್ಕದ ಮನೆಯ ತುಳು ಮಾತಾಡುವ ಅಕ್ಕ ದಿನ ಬಿಟ್ಟು ದಿನ ನುಗ್ಗೆ ಸೊಪ್ಪು ತಂದುಕೊಡುತ್ತಿದ್ದರು. ನಮ್ಮ ದೇಹಗಳಿಗೆ ಸಿಕ್ಕಿದ ಆ ಆರೈಕೆಯನ್ನು ನಾವು ಜೀವಮಾನದಲ್ಲಿ ಮರೆಯುವಂತಿಲ್ಲ. ಆದ್ದರಿಂದ ಮುಂದೆ ಬರೆಯುವುದನ್ನು ದೂರೆಂದು ತಿಳಿಯಬೇಡಿ.

ಆದರೆ ರಾತ್ರಿಗಳು ಬೇರೆಯೇ ಆಗಿದ್ದವು. ಎರಡು ಗಂಟೆಗೊಮ್ಮೆ ಹಾಲು. ಒಂದು ಮಗು ಮಲಗಿದರೆ ಇನ್ನೊಂದು ಏಳುತ್ತಿತ್ತು. ಒಂದರ ಅಳು ಕೇಳಿ ಇನ್ನೊಂದೂ ಶುರು ಮಾಡುತ್ತಿತ್ತು. ನಾವು ಕತ್ತಲಲ್ಲಿ ಪರಸ್ಪರ ಮುಖ ನೋಡಿ ನಗುತ್ತಿದ್ದೆವು. ಮೊದಲ ವಾರ ಇಬ್ಬರಿಗೂ ಕಾರಣವಿಲ್ಲದೆ ಅಳು ಬರುತ್ತಿತ್ತು. ಜುಬೈಲಿನಿಂದ ವೀಡಿಯೋ ಕರೆ ಬಂದರೂ ಅಳು, ಬಾರದಿದ್ದರೂ ಅಳು. ಹೆರಿಗೆಯಾದ ಬಹುಪಾಲು ಹೆಂಗಸರಿಗೆ ಹೀಗಾಗುತ್ತದೆ, ಹತ್ತು ಹದಿನೈದು ದಿನಗಳಲ್ಲಿ ತಾನಾಗಿಯೇ ಹೋಗುತ್ತದೆ ಎಂದು ನಮಗೆ ಆಮೇಲೆ ವೈದ್ಯೆ ತಿಳಿಸಿದರು. ನಮ್ಮಲ್ಲಿ ಒಬ್ಬಳಿಗೆ ಅದು ಹೋಯಿತು. ಇನ್ನೊಬ್ಬಳಿಗೆ ಹೋಗಲಿಲ್ಲ.

ಅಳು ನಿಂತಿತು, ಆದರೆ ಅದರ ಜಾಗದಲ್ಲಿ ಏನೂ ಇರಲಿಲ್ಲ. ಮಗು ಮಲಗಿದರೂ ಅವಳಿಗೆ ನಿದ್ದೆಯಿಲ್ಲ. ಊಟ ನುಂಗುತ್ತಿದ್ದಳು, ರುಚಿ ಕೇಳಿದರೆ ಗೊತ್ತಿಲ್ಲ. ಬಂದವರ ಮುಂದೆ ಸರಿಯಾಗಿಯೇ ಮಾತಾಡುತ್ತಿದ್ದಳು. ಅದರಿಂದಾಗಿ ಯಾರಿಗೂ ಸಂಶಯ ಬರಲಿಲ್ಲ.

ಅವಳ ಮಗುವಿಗೆ ಮೂರು ವಾರ ಕಳೆದ ಮೇಲೆ ಒಂದು ರಾತ್ರಿ. ಗಾಳಿಮಳೆಗೆ ಕರೆಂಟು ಹೋಗಿತ್ತು. ಮಗು ಎಷ್ಟೋ ಹೊತ್ತಿನಿಂದ ಅಳುತ್ತಿತ್ತು. ಎಚ್ಚರವಾಗಿ ಟಾರ್ಚ್ ಹಾಕಿ ನೋಡಿದರೆ ಅವಳು ಮಂಚದ ತುದಿಯಲ್ಲಿ ಕೂತಿದ್ದಾಳೆ. ತೊಟ್ಟಿಲು ಒಂದು ಮೊಳ ದೂರದಲ್ಲಿದೆ. ಕೈ ಚಾಚಲಿಲ್ಲ. “ಎತ್ತಿಕೋ” ಎಂದಾಗ, “ನನಗೆ ಈ ಮಗುವಿನ ಮೇಲೆ ಏನೂ ಅನಿಸುವುದಿಲ್ಲ. ಬೇರೆ ಯಾರದ್ದೋ ಮಗು ಅಳುತ್ತಿರುವ ಹಾಗೆ ಕೇಳುತ್ತದೆ. ಉಮ್ಮನಿಗೆ ಹೇಳಬೇಡ” ಎಂದಳು.

ನಮ್ಮಲ್ಲಿ ಇನ್ನೊಬ್ಬಳು ಆ ಮಗುವನ್ನು ಎತ್ತಿಕೊಂಡು ತನ್ನ ಎದೆಗೆ ಹಾಕಿದಳು. ಯೋಚಿಸಿ ಮಾಡಿದ್ದಲ್ಲ. ಅಳು ನಿಂತಿತು. ಮರುದಿನ ರಾತ್ರಿಯೂ ಹಾಗೆಯೇ ಆಯಿತು. ಮೂರನೆಯ ರಾತ್ರಿ ಅಜ್ಜಿ ನೋಡಿಬಿಟ್ಟರು. ಬೈಯುತ್ತಾರೆಂದು ಕಾದೆವು. ಅವರು ಮಗುವಿನ ತಲೆ ಸವರಿ, “ಎಷ್ಟು ಸಲ ಕೊಟ್ಟೆ? ಲೆಕ್ಕ ನೆನಪಿಟ್ಟುಕೋ. ನಾಳೆ ಗೊಂದಲ ಬೇಡ” ಎಂದರು.

ಮುಸ್ಲಿಮೇತರ ಓದುಗರಿಗೆ ಈ ಲೆಕ್ಕವೇನೆಂದು ಹೇಳಬೇಕು. ಇಸ್ಲಾಮೀ ನಿಯಮದಂತೆ, ಎರಡು ವರ್ಷದೊಳಗಿನ ಮಗುವಿಗೆ ಒಬ್ಬ ಸ್ತ್ರೀ ಎದೆಹಾಲು ಕೊಟ್ಟರೆ ಅವಳು ಆ ಮಗುವಿಗೆ ಹಾಲಿನ ತಾಯಿ, ಅವಳ ಮಕ್ಕಳು ಹಾಲಿನ ಒಡಹುಟ್ಟಿದವರು. ಅವರೊಳಗೆ ಮದುವೆ ನಿಷಿದ್ಧ. ನಾವು ಅನುಸರಿಸುವ ಶಾಫಿ ಕರ್ಮಶಾಸ್ತ್ರದಲ್ಲಿ ಇದಕ್ಕೆ ಬೇರೆ ಬೇರೆಯಾಗಿ ಐದು ಸಲ ಹಾಲು ಕುಡಿದಿರಬೇಕು. ಐದು ದಿನಗಳಲ್ಲಿ ಹತ್ತಕ್ಕಿಂತ ಹೆಚ್ಚಾಗಿತ್ತು. ಅಂದರೆ ಯಾರೂ ಸಮಾರಂಭ ಮಾಡದೆ, ಒಂದು ಮಳೆಗಾಲದ ಕತ್ತಲಲ್ಲಿ, ನಮ್ಮ ಮಕ್ಕಳು ಅಣ್ಣತಂಗಿಯರೋ ಅಕ್ಕತಮ್ಮಂದಿರೋ ಆಗಿಬಿಟ್ಟಿದ್ದರು.

ಹಾಲಿನ ಲೆಕ್ಕ ಹೀಗೆ ಸರಿಯಾಯಿತು. ತಾಯಿಯದ್ದು ಆಗಲಿಲ್ಲ. ದೃಷ್ಟಿ ತಾಗಿರಬೇಕೆಂದು ಅಜ್ಜಿ. ನೋಡಲು ಬಂದ ಸಂಬಂಧಿಕರೊಬ್ಬರು “ಬಾಣಂತಿ ಸನ್ನಿ” ಎಂದು ಪಿಸುಗುಟ್ಟಿ ನೂಲು ಕಟ್ಟಿಸಲು ಹೇಳಿ ಹೋದರು. “ದೇವರು ಕೈಕಾಲು ಸರಿಯಿರುವ ಮಗು ಕೊಟ್ಟಿದ್ದಾನೆ. ಎಷ್ಟು ಜನರಿಗೆ ಅದೂ ಇಲ್ಲ. ಶುಕ್ರ್ ಮಾಡು” ಎಂದು ಮತ್ತೊಬ್ಬರು. ಅವಳು ಶುಕ್ರ್ ಮಾಡುತ್ತಲೇ ಇದ್ದಳು. ಕೃತಜ್ಞತೆ ಇಲ್ಲದ್ದು ಅವಳ ಕಾಯಿಲೆಯಲ್ಲ ಎಂದು ಹೇಳುವ ಭಾಷೆ ನಮಗೆ ಆಗ ತಿಳಿದಿರಲಿಲ್ಲ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆ ಮನೆಗೆ ಆರು ಸಲ ಬರಬೇಕು. 3, 7, 14, 21, 28 ಮತ್ತು 42ನೆಯ ದಿನ. ನಮ್ಮೂರಿನವರು ಕೊಡೆ ಹಿಡಿದುಕೊಂಡು, ಕೆಸರು ದಾರಿಯಲ್ಲಿ ಎರಡೂ ಮಕ್ಕಳ ದಿನಕ್ಕೆ ತಪ್ಪದೆ ಬರುತ್ತಿದ್ದರು. 28ನೆಯ ದಿನ ಮಗುವನ್ನು ತೂಗಿ, ಜ್ವರ ನೋಡಿ, ಪುಸ್ತಕದಲ್ಲಿ ಬರೆದುಕೊಂಡು, ಎದ್ದು ಹೋಗುವಾಗ ಬಾಗಿಲಲ್ಲಿ ನಿಂತರು. “ಮಗುವಿನ ತೂಕ ಚೆನ್ನಾಗಿದೆ. ನಿಮಗೆ ನಿದ್ದೆ ಬರುತ್ತದಾ?” ಎಂದು ಅವಳನ್ನು ಕೇಳಿದರು. ಅಷ್ಟೇ. ಅವಳು ಗೋಡೆಯ ಕಡೆ ತಿರುಗಿ ಅಳತೊಡಗಿದಳು. ಉಮ್ಮನ ಎದುರೇ.

ಆ ರಾತ್ರಿ ಇಶಾ ನಮಾಝ್ ಮುಗಿಸಿ ಉಮ್ಮ ನಮ್ಮ ಕೋಣೆಗೆ ಬಂದು ನೆಲದಲ್ಲಿ ಕೂತರು. ಅಜ್ಜಿಯೂ ಇದ್ದರು. “ನಿಮ್ಮ ತಮ್ಮ ಹುಟ್ಟಿದಾಗ ಎರಡು ತಿಂಗಳು ನಾನು ಬಾವಿಯ ಹತ್ತಿರ ಹೋಗಲಿಲ್ಲ. ನೀರು ಸೇದಲು ನಿಮ್ಮ ಉಪ್ಪನನ್ನು ಕಳುಹಿಸುತ್ತಿದ್ದೆ. ಸೋಮಾರಿ ಎಂದು ಎಲ್ಲರೂ ಅಂದರು. ಕಟ್ಟೆಯ ಹತ್ತಿರ ನಿಂತರೆ ನನಗೆ ನನ್ನ ಮೇಲೆಯೇ ನಂಬಿಕೆ ಇರಲಿಲ್ಲ” ಎಂದರು. ಅಜ್ಜಿ ಆ ಮಾತನ್ನು ಅಂದೇ ಮೊದಲು ಕೇಳಿದ್ದು. ಒಂದೇ ಮನೆಯಲ್ಲಿ ಅಷ್ಟು ವರ್ಷ ಬಾಳಿದ ತಾಯಿ ಮಗಳು! ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, “ಬೆಳಿಗ್ಗೆ ಇವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು” ಎಂದರು. ನೂಲಿನ ಮಾತು ಮತ್ತೆ ಬರಲಿಲ್ಲ. ಮರುದಿನ ಮಂಗಳೂರಿಗೆ ಕಾರು ಓಡಿಸಿದ್ದು ಅದೇ ತಮ್ಮ.

ಮನೋವೈದ್ಯೆ ಹತ್ತು ಪ್ರಶ್ನೆಗಳಿದ್ದ ಒಂದು ಹಾಳೆ ಕೊಟ್ಟರು. 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೋ ಪ್ರಶ್ನಾವಳಿ. ಕಳೆದ ಏಳು ದಿನಗಳಲ್ಲಿ ನಗಲು ಸಾಧ್ಯವಾಯಿತೇ, ಕಾರಣವಿಲ್ಲದೆ ಹೆದರಿಕೆಯಾಯಿತೇ, ಹೀಗೆ. ಕೊನೆಯ ಪ್ರಶ್ನೆ, ನಿಮಗೆ ನೀವೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತೇ ಎಂಬುದು. ಆ ಪ್ರಶ್ನೆಗೆ ಉತ್ತರ ಬರೆಯುವಾಗ ಅವಳು ಉಮ್ಮನ ಕೈ ಹಿಡಿದುಕೊಂಡಿದ್ದಳು.

ಇದು ಹೆರಿಗೆಯ ನಂತರದ ಖಿನ್ನತೆ, ನಿಮ್ಮ ಗುಣದ ದೋಷವಲ್ಲ, ಗುಣವಾಗುತ್ತದೆ ಎಂದು ವೈದ್ಯೆ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅಭಿವೃದ್ಧಿಶೀಲ ದೇಶಗಳಲ್ಲಿ ಹೆತ್ತ ಹೆಂಗಸರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮುಖ್ಯವಾಗಿ ಖಿನ್ನತೆಯಂಥ ಮಾನಸಿಕ ತೊಂದರೆ ಬರುತ್ತದೆ. ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆ ಬರೆದರು, ವಾರಕ್ಕೊಮ್ಮೆ ಮಾತಾಡಲು ಬರಹೇಳಿದರು. ಒಬ್ಬಳು ಇನ್ನೊಬ್ಬಳ ಮಗುವಿಗೆ ಹಾಲು ಕೊಟ್ಟದ್ದು ತಿಳಿದು ಇಬ್ಬರ ತಾಯಿ ಕಾರ್ಡನ್ನೂ ತರಿಸಿ, ಬಸುರಿಯಲ್ಲಿ ಮಾಡಿದ ರಕ್ತಪರೀಕ್ಷೆಗಳನ್ನು ನೋಡಿದರು. ಕೊನೆಗೆ ಚೀಟಿಯಲ್ಲಿ ಔಷಧಿಯ ಕೆಳಗೆ ಇನ್ನೊಂದು ಸಾಲು ಬರೆದರು: ರಾತ್ರಿ ಎಡೆಬಿಡದೆ ಐದು ಗಂಟೆ ನಿದ್ದೆ.

ಈ ಐದು ಗಂಟೆ ಎಲ್ಲಿಂದ ತರುವುದು? ಮನೆಯವರೆಲ್ಲ ಸೇರಿ ಹಂಚಿಕೊಂಡರು. ಹಾಲನ್ನು ಮೊದಲೇ ಹಿಂಡಿ ಲೋಟದಲ್ಲಿಟ್ಟು ಸಣ್ಣ ಚಮಚದಿಂದ ಕುಡಿಸಲು ಉಮ್ಮ ಕಲಿತರು. ಮಂಗಳೂರಿನಲ್ಲಿದ್ದ ಅಳಿಯ ಶನಿವಾರ ರಾತ್ರಿ ಬಂದು ಚಾವಡಿಯಲ್ಲಿ ಚಾಪೆ ಹಾಸಿ, ಯಾವುದು ತನ್ನ ಮಗು ಎಂದು ನೋಡದೆ ಅತ್ತ ಮಗುವನ್ನು ಎತ್ತಿ ನಡೆದಾಡಿದರು. ಅಳಿಯನ ಕೈಯಲ್ಲಿ ಮಕ್ಕಳ ಬಟ್ಟೆ ಬದಲಿಸುವುದೇ ಎಂದು ಒಬ್ಬರು ಮೂಗು ಮುರಿದಾಗ ಉತ್ತರ ಕೊಟ್ಟದ್ದು ಅಜ್ಜಿ. ಪ್ರವಾದಿಯವರು ನಮಾಝಿನಲ್ಲಿ ಮಗುವಿನ ಅಳು ಕೇಳಿದರೆ, ಹಿಂದೆ ನಿಂತ ತಾಯಿಗೆ ಕಷ್ಟವಾಗದಿರಲೆಂದು ನಮಾಝನ್ನೇ ಚಿಕ್ಕದು ಮಾಡುತ್ತಿದ್ದರು, ಇವನ ನಿದ್ದೆ ಅದಕ್ಕಿಂತ ದೊಡ್ಡದಾ ಎಂದು ಕೇಳಿದರು. ಜುಬೈಲಿನಲ್ಲಿದ್ದವರು ಮೊದಲು ದುಡ್ಡು ಬೇಕಾ ಎಂದು ಕೇಳಿದರು. ಕೆಲವು ದಿನಗಳ ನಂತರ, ಏನೂ ಕೇಳದೆ ಫೋನಿನ ಆಚೆ ಸುಮ್ಮನೆ ಕೂರುವುದನ್ನು ಕಲಿತರು. ಅದೇ ಹೆಚ್ಚು ಉಪಕಾರವಾಯಿತು.

ನಲವತ್ತನೆಯ ದಿನ ಸ್ನಾನ ಮಾಡಿಸಿ, ಹೊಸ ಬಟ್ಟೆ ತೊಡಿಸಿ, ಗಂಡನ ಮನೆಗೆ ಕಳುಹಿಸುವ ತಯಾರಿ ನಮ್ಮಲ್ಲಿ ವಾಡಿಕೆ. ಅವಳ ಮಾಮಿ ಫೋನು ಮಾಡಿ ಯಾವಾಗ ಬರಲಿ ಎಂದು ಕೇಳಿದರು. ಉಮ್ಮ ಇದ್ದುದನ್ನು ಇದ್ದ ಹಾಗೆ ಹೇಳಿದರು. ಆ ಕಡೆಯಿಂದ ನಾಲ್ಕು ದಿನ ಮಾತಿಲ್ಲ. ಐದನೆಯ ದಿನ ಅವರೇ ಬಂದು, ಸೊಸೆಯ ತಲೆಗೆ ಎಣ್ಣೆ ಹಚ್ಚಿ, “ಅವಸರವಿಲ್ಲ” ಎಂದು ಹೇಳಿ ಸಂಜೆಯ ಬಸ್ಸಿಗೆ ಹೋದರು. ಅವಳು ಗಂಡನ ಮನೆಗೆ ಹೋದದ್ದು ನಾಲ್ಕನೆಯ ತಿಂಗಳಲ್ಲಿ. ಅಷ್ಟರಲ್ಲಿ ಒಂದು ಬೆಳಿಗ್ಗೆ ಮಗು ಅವಳ ಮೂಗು ಹಿಡಿದೆಳೆದಾಗ ಅವಳು ನಕ್ಕಿದ್ದಳು. ಬಟ್ಟೆ ಮಡಚುತ್ತಿದ್ದ ಉಮ್ಮ ಕೈ ನಿಲ್ಲಿಸಿ ಆ ನಗು ಕೇಳಿದರು. ಏನೂ ಹೇಳಲಿಲ್ಲ.

ಊರವರಿಗೆ ಮಾತ್ರ ನಾವು “ರಕ್ತ ಕಡಿಮೆ ಇದೆ, ಅದಕ್ಕೆ ಆಸ್ಪತ್ರೆ” ಎಂದೇ ಹೇಳಿದ್ದೆವು. ರಕ್ತ ಕಡಿಮೆಯಾದರೆ ನಾಚಿಕೆಯಿಲ್ಲ, ಮನಸ್ಸು ಬಳಲಿದರೆ ಇದೆ. ಈ ಸುಳ್ಳಿನ ಭಾರ ಇಳಿಸಲೆಂದೇ ಇದನ್ನು ಬರೆಯಲು ಕೂತೆವು. ಉಮ್ಮನ ಬಾವಿಯ ಮಾತು ಯಾರೂ ಕೇಳದೆ ವರ್ಷಗಟ್ಟಲೆ ಒಳಗೇ ಉಳಿದಿತ್ತು. ನಮ್ಮದೂ ಹಾಗೆ ಉಳಿದರೆ ನಮ್ಮ ಮಕ್ಕಳ ಬಾಣಂತನದಲ್ಲಿ ಮತ್ತೆ ನೂಲು ಹುಡುಕಬೇಕಾಗುತ್ತದೆ.

ಎರಡು ವಾರ ಕಳೆದರೂ ಬಾಣಂತಿಯ ಮಂಕು ಹೋಗದಿದ್ದರೆ, ಮಗು ಮಲಗಿದಾಗಲೂ ಅವಳಿಗೆ ನಿದ್ದೆ ಬಾರದಿದ್ದರೆ ಕಾಯಬೇಡಿ. ಇಲ್ಲದ್ದು ಕಂಡಂತೆ, ಕೇಳಿಸಿದಂತೆ ಮಾತಾಡಿದರೆ, ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. 2022ರಲ್ಲಿ ಶುರುವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನು ಮಗುವಿನಿಂದ ಬೇರ್ಪಡಿಸದೆ ಇಬ್ಬರನ್ನೂ ಜೊತೆಯಲ್ಲೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗವೂ ಇದೆ.

ನಮ್ಮ ಹಾಲಿನ ಒಡಹುಟ್ಟಿದವರು ಈಗ ಎರಡು ವರ್ಷ ದಾಟಿದ್ದಾರೆ. ರಜೆಗೆ ತವರಿನಲ್ಲಿ ಸೇರಿದರೆ ಒಂದೇ ಬಟ್ಟಲಿಗೆ ಜಗಳವಾಡುತ್ತಾರೆ. ಬಿದ್ದು ಅಳುವಾಗ ಇಬ್ಬರಲ್ಲಿ ಯಾರು ಹತ್ತಿರವಿದ್ದರೂ “ಉಮ್ಮಾ” ಎಂದು ಓಡಿ ಬರುತ್ತಾರೆ. ಯಾವ ಉಮ್ಮ ಎಂದು ನಾವೂ ಕೇಳುವುದಿಲ್ಲ.

ಮುಂದಿನ ಸಲ ಬಾಣಂತಿಯನ್ನು ನೋಡಲು ಹೋದಾಗ ಮಗುವಿನ ಕೈಗೆ ನೋಟು ಇಟ್ಟು, ಮೂಗು ಯಾರದ್ದೆಂದು ತೀರ್ಮಾನಿಸಿ ಆದ ಮೇಲೆ, ದಯವಿಟ್ಟು ಇನ್ನೂ ಐದು ನಿಮಿಷ ಕೂರಿ. ಆ ಹೆಂಗಸಿನ ಮುಖ ನೋಡಿ ಕೇಳಿ, ನಿನಗೆ ನಿದ್ದೆ ಬರುತ್ತದಾ ಎಂದು. ಉತ್ತರ ಬರುವ ತನಕ ಕಾಯಿರಿ.