ಕರೆಂಟು ಬರುವ ದಿಕ್ಕು

ಕೃಷ್ಣಾ ಸ್ಟೇಷನ್ನಿನ ಕಡೆ ನಿಂತು ಹೊಳೆಯಾಚೆ ನೋಡಿದರೆ ಶಕ್ತಿನಗರದ ಚಿಮಣಿಗಳು ಕಾಣುತ್ತವೆ. ರಾಯಚೂರು ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಹೊಗೆ ಇಷ್ಟು ಹತ್ತಿರ ಇದ್ದರೂ ಕರೆಂಟು ಯಾಕೆ ಇಷ್ಟು ದೂರ ಎಂದು ನಾವು ಮಕ್ತಲ್ ಸೀಮೆಯ ಹುಡುಗರು ಕೇಳುತ್ತಿದ್ದೆವು. ಹೊಗೆಗೆ ಗಡಿ ಇರಲಿಲ್ಲ, ಕರೆಂಟಿಗೆ ಇತ್ತು. ಅದು ಕರ್ನಾಟಕದ ಕರೆಂಟು. ನಾವು ಮನೆಯಲ್ಲಿ ಕನ್ನಡ ಮಾತಾಡಿದರೂ ಆಂಧ್ರದ ವಿದ್ಯುತ್ ಮಂಡಳಿಯ ಗಿರಾಕಿಗಳು, ಅದೂ ಲೈನಿನ ತುದಿಯಲ್ಲಿದ್ದವರು.

ತುದಿಯ ಪಾಡೇ ಬೇರೆ. ಸಬ್‌ಸ್ಟೇಷನ್ನಿನಿಂದ ಹೊರಟ ಫೀಡರಿನಲ್ಲಿ ಊರೂರೂ ಎಳೆದುಕೊಂಡು ಉಳಿದದ್ದು ಕೊನೆಯವರಿಗೆ. ಸಂಜೆ ಬಲ್ಬು ಬೀಡಿಯ ಕೆಂಡದಂತೆ ಉರಿಯುತ್ತಿತ್ತು. ನಾರಾಯಣಪೇಟೆಯ ಕೈಮಗ್ಗಕ್ಕೆ ಕರೆಂಟು ಬೇಡ, ಆದರೆ ನೇಯುವವರ ಕಣ್ಣಿಗೆ ಬೆಳಕು ಬೇಕಲ್ಲ.

2004ರಲ್ಲಿ ಬೇಸಾಯಕ್ಕೆ ಕರೆಂಟು ಪುಕ್ಕಟೆಯಾಯಿತು. ದಿನಕ್ಕೆ ಏಳು ಗಂಟೆ, ಅದೂ ಹಗಲಿಷ್ಟು ರಾತ್ರಿಯಿಷ್ಟು. ರಾತ್ರಿಯ ಪಾಳಿ ಎಂದರೆ ಕತ್ತಲಲ್ಲಿ ಬದುವಿನ ಮೇಲೆ ನಡೆಯುವುದು, ಹಾವಿನ ಭಯ. ಅದಕ್ಕೇ ಎಲ್ಲರೂ ಆಟೋ ಸ್ಟಾರ್ಟರ್ ಹಾಕಿಸಿದರು. ಕರೆಂಟು ಬಂದ ಕ್ಷಣವೇ ಸೀಮೆಯ ಮೋಟರುಗಳೆಲ್ಲ ಒಟ್ಟಿಗೆ ಏಳುತ್ತಿದ್ದವು. ಮೋಟರು ಏಳುವಾಗ ಓಡುವುದಕ್ಕಿಂತ ಹಲವು ಪಟ್ಟು ಹೆಚ್ಚು ಕರೆಂಟು ಎಳೆಯುತ್ತದೆ, ಟ್ರಾನ್ಸ್‌ಫಾರ್ಮರ್ ಸುಡುತ್ತಿತ್ತು. ಇಲ್ಲವೇ ವೋಲ್ಟೇಜ್ ಸಾಲದೆ ಮೋಟರೇ ಸುಡುತ್ತಿತ್ತು. ಚೆನ್ನಾಗಿ ನಡೆದದ್ದು ರಿವೈಂಡಿಂಗ್ ಅಂಗಡಿಗಳು ಮಾತ್ರ. ಆ ಕಾಲವನ್ನು ನೆನೆದು ಹಂಬಲಿಸುವಂಥದ್ದು ಏನೂ ಇಲ್ಲ.

ಗದ್ವಾಲ ಮತ್ತು ಮಕ್ತಲ್ ನಡುವೆ ಜುರಾಲಾ ಅಣೆಕಟ್ಟಿನಲ್ಲಿ 234 ಮೆಗಾವಾಟಿನ ಜಲವಿದ್ಯುತ್ ಕೇಂದ್ರ ಬಂತು. ಆದರೆ ಅದರ ಕರೆಂಟು ದೊಡ್ಡ ಲೈನು ಹತ್ತಿ ಹೋಗುತ್ತದೆ, ಪಕ್ಕದ ಊರಿಗೆ ಇಳಿಯುವುದಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನಿನಿಂದ ದಕ್ಷಿಣದ ಜಾಲ ಇಡೀ ದೇಶದ ಜಾಲಕ್ಕೆ ಕೂಡಿಕೊಂಡಿತು. ನಮ್ಮ ನೆರೆಯಲ್ಲೇ ನಡೆದ ಈ ಸಂಗತಿ ನಮ್ಮ ಊರಲ್ಲಿ ಯಾರಿಗೂ ಸುದ್ದಿಯಾಗಲಿಲ್ಲ.

ನಿಜವಾಗಿ ದಿಕ್ಕು ಬದಲಾದದ್ದು ಆಂಧ್ರ ಒಡೆದು ನಮ್ಮ ಸೀಮೆ ತೆಲಂಗಾಣ ಆದಮೇಲೆ. ಕರ್ನಾಟಕ ಪಾವಗಡದಲ್ಲಿ 2,050 ಮೆಗಾವಾಟ್ ಸೋಲಾರನ್ನು ಒಂದೇ ಕಡೆ ಹರಡಿತು. ತೆಲಂಗಾಣ ಸಣ್ಣಸಣ್ಣ ಸೋಲಾರ್ ಘಟಕಗಳನ್ನು ಊರುಕಡೆಯ ಸಬ್‌ಸ್ಟೇಷನ್ನುಗಳಿಗೆ ಹಂಚಿತು. ನಮ್ಮ ಹಳೆಯ ಮಹಬೂಬನಗರ ಜಿಲ್ಲೆಗೂ ಅದರಲ್ಲಿ ಪಾಲು ಬಂತು. ದೂರದಿಂದ ಬರುವುದನ್ನು ಕಾಯುತ್ತಿದ್ದ ಸಬ್‌ಸ್ಟೇಷನ್ನಿಗೆ ಈಗ ಮಧ್ಯಾಹ್ನ ಪಕ್ಕದ ಹೊಲದಿಂದಲೇ ಕರೆಂಟು ಬರುತ್ತದೆ. ದಾರಿಯಲ್ಲಿ ಸೋರುವುದು ಕಡಿಮೆ. ಎಳೆದುಕೊಳ್ಳುವವರು ಕಡಿಮೆಯಾದರೆ ಮಿಕ್ಕದ್ದು ಮೇಲಿನ ದೊಡ್ಡ ಲೈನಿಗೆ ಹೋಗುತ್ತದೆ.

ಆದರೆ ತಂತಿ, ಟ್ರಾನ್ಸ್‌ಫಾರ್ಮರ್, ರಿಲೇ ಎಲ್ಲವನ್ನೂ ಒಂದೇ ದಿಕ್ಕಿನ ಹರಿವಿಗೆಂದು ಕೂಡಿಸಿದ್ದರು. ಹಿಂದೆ ವೋಲ್ಟೇಜ್ ಬೀಳುತ್ತದೆಂಬ ಗೋಳಿತ್ತು. ಚಾವಣಿಯ ಸೋಲಾರ್ ಒಂದೇ ಓಣಿಯಲ್ಲಿ ಹೆಚ್ಚಾದರೆ ಈಗ ಮಧ್ಯಾಹ್ನ ಅದು ಏರುತ್ತದೆ; ಮಿತಿ ಮೀರಿದರೆ ಇನ್ವರ್ಟರ್ ತಾನೇ ನಿಂತುಬಿಡುತ್ತದೆ. ಲೈನಿನಲ್ಲಿ ಕರೆಂಟು ಹೋದಾಗಲೂ ಅದು ನಿಲ್ಲಬೇಕು, ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಅಪಾಯ. ಹಾಗಾಗಿ ಬ್ಯಾಟರಿ ಇಲ್ಲದ ಮನೆಯಲ್ಲಿ ಬಿಸಿಲು ಸುಡುತ್ತಿದ್ದರೂ ಫ್ಯಾನು ತಿರುಗುವುದಿಲ್ಲ. "ಮ್ಯಾಲೆ ಕರೆಂಟ್ ಮಾಡ್ತೀವಿ, ಕೆಳಗ ಕರೆಂಟಿಲ್ಲ" ಎಂದು ಬೈಯುವವರನ್ನು ನೋಡಿದ್ದೇನೆ.

ಆದರೂ ನಮ್ಮ ಕಡೆ ಚಾವಣಿಗಳು ಅಷ್ಟಾಗಿ ತುಂಬಿಲ್ಲ. 2024ರಿಂದ ಪಿಎಂ ಸೂರ್ಯಘರ್ ಯೋಜನೆ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ ಕೊಡುತ್ತದೆ. ಅದೇ ವರ್ಷ ತೆಲಂಗಾಣದ ಗೃಹಜ್ಯೋತಿ, ತಿಂಗಳಿಗೆ 200 ಯೂನಿಟ್‌ವರೆಗೆ ಬಳಸುವ ಬಿಳಿ ರೇಷನ್ ಕಾರ್ಡಿನ ಮನೆಗಳ ಬಿಲ್ಲನ್ನು ಸೊನ್ನೆ ಮಾಡಿತು. ಹೊಳೆಯಾಚೆಯೂ ಇಂಥದೇ ಯೋಜನೆ, ಹೆಸರೂ ಅದೇ. ಸೊನ್ನೆ ಬಿಲ್ಲಿನವನು ಪ್ಯಾನೆಲ್ ಯಾಕೆ ಹಾಕಿಸುತ್ತಾನೆ? ಹಾಕಿಸುವವರು ಮೇಲಿನ ಸ್ಲ್ಯಾಬಿನವರು, ಯೂನಿಟ್ಟಿಗೆ ಹೆಚ್ಚು ಕೊಟ್ಟು ಉಳಿದವರ ಅಗ್ಗದ ಕರೆಂಟನ್ನು ಹೊರುತ್ತಿದ್ದವರು. ಅವರ ಬಿಲ್ಲು ಇಳಿಯುತ್ತದೆ, ಆದರೆ ಸೂರ್ಯ ಮುಳುಗಿದ ಮೇಲೆ ಅವರಿಗೂ ಅದೇ ತಂತಿ ಬೇಕು. ತಂತಿಯ ಖರ್ಚು ಯಾರ ತಲೆಗೆ ಎನ್ನುವುದು ಇನ್ನೂ ಇತ್ಯರ್ಥವಾಗಿಲ್ಲ.

ಸೋಲಾರಿಗೆ ಹೊಂದುವ ಬಳಕೆ ನಮ್ಮಲ್ಲಿ ಇಲ್ಲದೆ ಇಲ್ಲ: ಬೋರುಗಳು. ನೀರೆತ್ತುವ ಕೆಲಸ ಮಧ್ಯಾಹ್ನಕ್ಕೆ ಸರಿಯಾಗುತ್ತದೆ. ಆದರೆ 2018ರ ಜನವರಿ 1ರಿಂದ ಬೇಸಾಯಕ್ಕೆ 24 ಗಂಟೆ ಪುಕ್ಕಟೆ ಕರೆಂಟು. ಬಿಸಿಲಿದ್ದಾಗಲೇ ಮೋಟರು ಹಾಕಬೇಕೆಂಬ ಒತ್ತಾಯ ಯಾರಿಗೂ ಇಲ್ಲ; ರಾತ್ರಿ ಓಡುವ ಮೋಟರಿಗೆ ಹೆಚ್ಚಾಗಿ ಕಲ್ಲಿದ್ದಲೇ ಉರಿಯಬೇಕು. ರೈತನಿಗೆ ಬೇಕಾದದ್ದು ವೋಲ್ಟೇಜ್ ಸರಿಯಿರುವ, ಕಡಿಯದ ಹಗಲಿನ ಎಂಟೊಂಬತ್ತು ಗಂಟೆ. ರಾತ್ರಿ ಪಾಳಿ ಅನುಭವಿಸಿದವರು ಇದನ್ನು ಒಪ್ಪುತ್ತಾರೆ. ಸಾರ್ವಜನಿಕವಾಗಿ ಹೇಳುವ ರಾಜಕಾರಣಿ ಸಿಗುವುದು ಮಾತ್ರ ಕಷ್ಟ, ಏಕೆಂದರೆ ವೇದಿಕೆಯ ಮೇಲೆ 24 ಎಂಬ ಅಂಕಿ ಒಂಬತ್ತಕ್ಕಿಂತ ಯಾವಾಗಲೂ ದೊಡ್ಡದು.