ಬೇರೆ ಜರಡಿ, ಒಂದೇ ದಸ್ತರ್‌ಖಾನ್

ಗೋಧಿ ಇಲ್ಲ, ಮೈದಾ ಇಲ್ಲ, ಬೆಣ್ಣೆ ಇಲ್ಲ, ಹಾಲಿಲ್ಲ, ಮೊಟ್ಟೆಯೂ ಇಲ್ಲ. ಇಷ್ಟೆಲ್ಲ ಇಲ್ಲದ ಮೇಲೆ ಬಿಸ್ಕತ್ತಿನಲ್ಲಿ ಉಳಿಯುವುದಾದರೂ ಏನು ಎಂದು ನಮ್ಮ ಬಂಧುಗಳು ನಗುತ್ತಾರೆ. ಉಳಿಯುವುದು ಜೋಳ, ಅಗಸೆ, ಕುಸುಬೆ ಎಣ್ಣೆ, ಇಂಡಿಯ ನಿಂಬೆ, ಹಿತ್ತಲಿನ ಕಾಮಕಸ್ತೂರಿ. ಅಂದರೆ ನಮ್ಮ ವಿಜಯಪುರದ ಸೀಮೆಯೇ ಉಳಿಯುತ್ತದೆ. ದೊಡ್ಡ ಪೇಟೆಗಳಲ್ಲಿ ‘ವೀಗನ್’, ‘ಗ್ಲೂಟನ್ ಫ್ರೀ’ ಎಂದು ಚೀಟಿ ಹಚ್ಚಿ ದುಬಾರಿ ಬೆಲೆಗೆ ಮಾರುವ ತಿನಿಸು ನಮ್ಮ ಮನೆಗೆ ಫ್ಯಾಷನ್ನಾಗಿ ಬಂದದ್ದಲ್ಲ, ಅಗತ್ಯವಾಗಿ ಬಂದದ್ದು.

ನಮ್ಮ ಮಗಳಿಗೆ ಒಂಬತ್ತು ವರ್ಷವಾಗಿದ್ದಾಗ ಸೀಲಿಯಾಕ್ ಕಾಯಿಲೆ ಇದೆಯೆಂದು ತಿಳಿಯಿತು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಗ್ಲೂಟನ್ ಎಂಬ ಪ್ರೋಟೀನ್ ಇರುತ್ತದೆ. ಚಪಾತಿಯ ಹಿಟ್ಟು ಹರಿಯದೆ ಹಿಗ್ಗುವುದು ಅದರಿಂದಲೇ. ಈ ಕಾಯಿಲೆ ಇರುವವರು ಅದನ್ನು ತಿಂದರೆ ದೇಹದ ರಕ್ಷಣಾ ವ್ಯವಸ್ಥೆ ಕೆರಳಿ ತನ್ನದೇ ಸಣ್ಣ ಕರುಳಿನ ಮೇಲೆ ಎರಗುತ್ತದೆ. ಆಹಾರದ ಸಾರ ಹೀರುವ ಎಳೆಗಳು ಸವೆದುಹೋಗುತ್ತವೆ. ಮಗು ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ಇದಕ್ಕೆ ಚಿಕಿತ್ಸೆ ಎಂದರೆ ಗ್ಲೂಟನ್ ಇರುವ ಈ ಧಾನ್ಯಗಳನ್ನೆಲ್ಲ ಜೀವಮಾನವಿಡೀ ಬಿಡುವುದು, ಅಷ್ಟೇ. ಕರುಳು ಸವೆದಿರುವಾಗ ಹಾಲು ಕೂಡ ಅರಗದಿರುವುದುಂಟು. ಹಾಗಾಗಿ ಮೊದಲ ಕೆಲವು ತಿಂಗಳು ಹಾಲೂ ಬಿಟ್ಟಿತು. ಕರುಳು ಮಾಗಿದ ಮೇಲೆ ಹಾಲು ಮನೆಗೆ ಮರಳಿತು, ಬಿಸ್ಕತ್ತಿಗೆ ಮಾತ್ರ ಮರಳಲಿಲ್ಲ. ಅಷ್ಟರಲ್ಲಿ ಎಣ್ಣೆಯಲ್ಲೇ ನಮ್ಮ ಕೈ ಕುದುರಿತ್ತು.

ಮುಸ್ಲಿಮರ ಮನೆಯಲ್ಲಿ ಗೋಧಿ ಎಲ್ಲೆಲ್ಲಿ ಇರುತ್ತದೆ ಎಂಬುದು ಗೋಧಿ ಬಿಟ್ಟಾಗಲೇ ಗೊತ್ತಾಗುವುದು. ರಮಝಾನಿನ ಸಮೋಸಾ, ಪರಾಟಾ, ಹಲೀಮ್ ಎಲ್ಲವೂ ಗೋಧಿ. ಈದ್‌ನ ಬೆಳಗಿನ ಶೀರ್ ಖುರ್ಮಾದ ಶ್ಯಾವಿಗೆ ಗೋಧಿ. ನಾನ್‌ಖತಾಯಿ ಮೈದಾ. ಒಗ್ಗರಣೆಗೆ ಹಾಕುವ ಇಂಗಿನ ಡಬ್ಬಿ ತಿರುಗಿಸಿ ನೋಡಿದರೆ ಹಲವು ಕಂಪನಿಗಳದ್ದರಲ್ಲಿ ಗೋಧಿ ಹಿಟ್ಟು ಬೆರೆತಿರುತ್ತದೆ. ಖರ್ಜೂರ, ಹಣ್ಣು, ಬಿರಿಯಾನಿಯ ಅನ್ನ ಇವುಗಳ ನಡುವೆ ಮಗುವಿನ ಹಬ್ಬ ಮುಗಿಯಬೇಕು.

ಇದಕ್ಕಿಂತ ಕಷ್ಟದ್ದು ನಮ್ಮವರ ಒತ್ತಾಯ. ಮನೆಗೆ ಬಂದ ಮಗು ಏನೂ ಮುಟ್ಟದೆ ಹೋದರೆ ಖಾಲಾ, ಫೂಫೀಯರಿಗೆ ನೋವಾಗುತ್ತದೆ. ‘ಒಂದು ತುತ್ತಿಗೆ ಏನಾಗುತ್ತದೆ? ಬಿಸ್ಮಿಲ್ಲಾ ಅಂದು ತಿನ್ನು’ ಎನ್ನುತ್ತಾರೆ. ಆ ಮಾತಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇಲ್ಲ. ಆದರೆ ಆ ಒಂದು ತುತ್ತು ನಮ್ಮ ಮಗಳಿಗೆ ವಿಷ. ‘ಅಲ್ಲಾಹನು ಹಲಾಲ್ ಮಾಡಿದ್ದನ್ನು ನಾವೇಕೆ ಹರಾಮ್ ಮಾಡಿಕೊಳ್ಳಬೇಕು’ ಎಂದು ಕೇಳಿದವರೂ ಇದ್ದಾರೆ. ರೋಗಿಗೆ ಉಪವಾಸದಲ್ಲೇ ವಿನಾಯಿತಿ ಕೊಟ್ಟ ದೀನ್ ಒಂದು ಧಾನ್ಯವನ್ನು ಬಿಡಲು ಅಡ್ಡಿ ಮಾಡುತ್ತದೆಯೇ? ಬಿಡುವುದು ಬೇರೆ, ನಿಷೇಧಿಸುವುದು ಬೇರೆ.

ಹೀಗೆ ಬಿಟ್ಟವರು ನಮ್ಮ ಚರಿತ್ರೆಯಲ್ಲೂ ಇದ್ದಾರೆ. ‘ವೀಗನ್’ ಎಂಬ ಪದವನ್ನು ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ಬಳಕೆಗೆ ತಂದದ್ದು 1944ರಲ್ಲಿ. ಅದಕ್ಕೆ ಸುಮಾರು ಒಂಬತ್ತು ಶತಮಾನ ಮೊದಲೇ ಸಿರಿಯಾದ ಮಅರ‍್ರಾ ಊರಿನ ಅಂಧ ಕವಿ ಅಬುಲ್ ಅಲಾ ಅಲ್ ಮಅರ‍್ರೀ (973–1057) ಮಾಂಸ, ಹಾಲು, ಮೊಟ್ಟೆ, ಜೇನು ಎಲ್ಲವನ್ನೂ ಬಿಟ್ಟಿದ್ದರು. ಹಾಲು ಕರುವಿನದು, ಜೇನು ಜೇನುನೊಣದ್ದು ಎಂಬುದು ಅವರ ನಿಲುವು. ಹಲಾಲ್ ಆದದ್ದನ್ನು ಯಾಕೆ ಬಿಟ್ಟಿರಿ ಎಂದು ಕೈರೋದ ಫಾತಿಮಿ ವಿದ್ವಾಂಸ ಅಲ್ ಮುಅಯ್ಯದ್ ಅವರಿಗೆ ಪತ್ರ ಬರೆದು ಕೇಳಿದರು. ಕವಿ ಉತ್ತರ ಬರೆದರು. ಊಟದ ತಟ್ಟೆಯ ಬಗ್ಗೆ ಪ್ರಶ್ನೆ ಕೇಳಲು ಪತ್ರ ಬರೆಯುವ ಸೌಜನ್ಯ ಆ ಕಾಲಕ್ಕಿತ್ತು.

ವೀಗನ್ ಪದ ಹುಟ್ಟಿದ ಅದೇ 1944ರ ಚಳಿಗಾಲದಲ್ಲಿ, ಯುದ್ಧದ ನಡುವೆ, ನೆದರ್‌ಲ್ಯಾಂಡ್ಸ್‌ನಲ್ಲಿ ಭೀಕರ ಬರ ಬಿತ್ತು. ಬ್ರೆಡ್ಡು ಸಿಗದಾಯಿತು. ಊರೆಲ್ಲ ಹಸಿದು ಸೊರಗುತ್ತಿದ್ದಾಗ ಸೀಲಿಯಾಕ್ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮರಳಿದೊಡನೆ ಮತ್ತೆ ಹಾಸಿಗೆ ಹಿಡಿದರು. ಗೋಧಿಯ ಮೇಲೆ ಮೊದಲೇ ಸಂದೇಹವಿದ್ದ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ ಇದನ್ನು ಗಮನಿಸಿದರು. 1950ರಲ್ಲಿ ಅವರ ಪ್ರಬಂಧ ಹೊರಬಂತು. ನಮ್ಮ ಮಗಳು ಇಂದು ಓಡಾಡಿಕೊಂಡಿರುವುದು ಆ ವೈದ್ಯರ ಎಚ್ಚರದ ಫಲ.

ಇನ್ನು ಬಿಸ್ಕತ್ತಿನ ವಿಷಯ. ಒಂದು ಬಟ್ಟಲು ಜೋಳದ ಹಿಟ್ಟು, ಅರ್ಧ ಬಟ್ಟಲು ಅಕ್ಕಿ ಹಿಟ್ಟು, ಅರ್ಧ ಬಟ್ಟಲು ಬಾದಾಮಿ ಪುಡಿ. ಬಾದಾಮಿ ದುಬಾರಿಯಾದರೆ ಹುರಿದ ಶೇಂಗಾ ಪುಡಿಯೂ ನಡೆಯುತ್ತದೆ. ಅರ್ಧ ಬಟ್ಟಲು ಪುಡಿ ಸಕ್ಕರೆ, ಚಿಟಿಕೆ ಉಪ್ಪು, ಕಾಲು ಚಮಚ ಸೋಡಾ, ಸುಮಾರು ಮೂರನೇ ಒಂದು ಬಟ್ಟಲು ಎಣ್ಣೆ. ಜೋಳಕ್ಕೆ ಜಿಗುಟಿಲ್ಲ. ರೊಟ್ಟಿ ಬಡಿಯುವ ನಮ್ಮ ಕಡೆಯ ಹೆಂಗಸರು ಹಿಟ್ಟಿಗೆ ಕುದಿಯುವ ನೀರು ಹಾಕುವುದು ಅದಕ್ಕೇ. ಬಿಸ್ಕತ್ತಿಗೆ ಆ ಕೆಲಸವನ್ನು ಅಗಸೆ ಮಾಡುತ್ತದೆ. ಒಂದು ದೊಡ್ಡ ಚಮಚ ಅಗಸೆ ಪುಡಿಯನ್ನು ಮೂರು ಚಮಚ ನೀರಿನಲ್ಲಿ ಹತ್ತು ನಿಮಿಷ ಬಿಟ್ಟರೆ ಮೊಟ್ಟೆಯ ಬಿಳಿಯಂತೆ ಲೋಳೆಯಾಗುತ್ತದೆ. ಚಟ್ನಿಪುಡಿಗೆಂದು ಮನೆಮನೆಯಲ್ಲಿ ಇರುವ ಅಗಸೆಯೇ ಸಾಕು.

ನಿಂಬೆಯ ಪರಿಮಳ ರಸದಲ್ಲಿಲ್ಲ, ಸಿಪ್ಪೆಯಲ್ಲಿದೆ. ನಾಲ್ಕು ನಿಂಬೆಯ ಮೇಲಿನ ಬಣ್ಣದ ಪದರವನ್ನಷ್ಟೇ ತುರಿಯಬೇಕು. ಒಳಗಿನ ಬಿಳಿ ಬಂದರೆ ಕಹಿ. ಆ ತುರಿಯನ್ನೂ ಸಣ್ಣಗೆ ಹೆಚ್ಚಿದ ಎಂಟು ಹತ್ತು ಕಾಮಕಸ್ತೂರಿ ಎಲೆಗಳನ್ನೂ ಸಕ್ಕರೆಯೊಂದಿಗೆ ಬೆರಳಲ್ಲಿ ತಿಕ್ಕಿದರೆ ಎಣ್ಣೆ ಬಿಟ್ಟು ಅಡುಗೆಮನೆಯೆಲ್ಲ ಘಮ್ಮೆನ್ನುತ್ತದೆ. ಅರಬಿಯಲ್ಲಿ ಈ ಗಿಡ ರೈಹಾನ್. ಇದರ ಬೀಜವೇ ರಮಝಾನಿನ ಶರಬತ್ತಿನ ಸಬ್ಜಾ. ತುಳಸಿಗೆ ಇದು ಹತ್ತಿರದ ಬಳಗ. ಒಂದು ಚಮಚ ನಿಂಬೆ ರಸ ಸೇರಿಸಿ ಕಲಸಿದ ಹಿಟ್ಟನ್ನು ಅರ್ಧ ಗಂಟೆ ಬಿಡಬೇಕು. ಜೋಳ ನೀರು ಕುಡಿಯಲು ಹೊತ್ತು ಕೇಳುತ್ತದೆ. 170 ಡಿಗ್ರಿಯಲ್ಲಿ ಹದಿನೈದರಿಂದ ಹದಿನೆಂಟು ನಿಮಿಷ. ಹೊರತೆಗೆದ ಕೂಡಲೇ ಮುಟ್ಟಿದರೆ ಪುಡಿಯಾಗುತ್ತದೆ, ತಟ್ಟೆಯಲ್ಲೇ ಆರಬೇಕು.

ಮೊದಲೆಲ್ಲ ಈದ್‌ನ ಹಿಂದಿನ ದಿನ ನಾನ್‌ಖತಾಯಿ ತಟ್ಟೆಗಳನ್ನು ಬೇಕರಿಗೆ ಕಳಿಸಿ ಅಲ್ಲಿಯ ಭಟ್ಟಿಯಲ್ಲಿ ಬೇಯಿಸಿ ತರುತ್ತಿದ್ದೆವು. ಈಗ ಅದು ಸಾಧ್ಯವಿಲ್ಲ. ಬೇಕರಿಯ ಗಾಳಿಯಲ್ಲೇ ಮೈದಾ ಹಾರುತ್ತಿರುತ್ತದೆ. ನಮ್ಮ ದೇಶದ ನಿಯಮದ ಪ್ರಕಾರ ‘ಗ್ಲೂಟನ್ ಫ್ರೀ’ ಎಂದು ಬರೆಯಬೇಕಾದರೆ ಒಂದು ಕಿಲೋ ಆಹಾರದಲ್ಲಿ ಗ್ಲೂಟನ್ 20 ಮಿಲಿಗ್ರಾಂ ಮೀರಬಾರದು. ಗಿರಣಿಯಲ್ಲಿ ಗೋಧಿಯ ಹಿಂದೆ ಜೋಳ ಹಾಕಿದರೆ ಮುಗಿಯಿತು. ಹಾಗಾಗಿ ಮಗಳಿಗೆ ಬೇರೆ ತವಾ, ಬೇರೆ ಜರಡಿ, ಬೇರೆ ಡಬ್ಬಿ, ಬೇರೆ ಒರೆಸುವ ಬಟ್ಟೆ.

ಈ ವ್ಯವಸ್ಥೆಯನ್ನು ನಮ್ಮವರಿಗೆ ವಿವರಿಸಿ ಸಾಕಾಗಿತ್ತು. ಒಂದೇ ಮಾತಿಗೆ ಅರ್ಥ ಮಾಡಿಕೊಂಡವರು ಪಕ್ಕದ ಮನೆಯ ಕಾಕೂ. ಎಂಬತ್ತರ ಹತ್ತಿರದ ಬ್ರಾಹ್ಮಣ ವಿಧವೆ. ವರ್ಷವರ್ಷವೂ ಈದ್‌ಗೆ ನಾವು ಅವರಿಗೆ ಕಳಿಸುತ್ತಿದ್ದುದು ಬೇಯಿಸದ ಶ್ಯಾವಿಗೆ, ಸಕ್ಕರೆ, ಒಣದ್ರಾಕ್ಷಿ, ಗೋಡಂಬಿ. ಅವರು ತಮ್ಮ ಒಲೆಯ ಮೇಲೆ ಮಾಡಿಕೊಳ್ಳುತ್ತಿದ್ದರು. ನಮ್ಮ ಎರಡು ಜರಡಿ ನೋಡಿದವರೇ ಹೇಳಿದರು:

“ಇದಕ್ಕ ನಾವು ಮಡಿ ಅಂತೀವಿ ತಂಗಿ. ಕಟ್ಟಿಗೀ ಸೌಟು ಬ್ಯಾಡ, ಅದರಾಗ ಹಿಟ್ಟು ಕೂತ್ಕೋತದ. ಮೊದಲ ಹುಡುಗೀದು ಮಾಡಿ ಎತ್ತಿಡು, ಆಮ್ಯಾಲೆ ಉಳದವ್ರದು.”

ಮರುದಿನ ಅವರ ಮೊಮ್ಮಗ ಒಂದು ಬೀಸುಕಲ್ಲನ್ನು ಹೊತ್ತು ತಂದ. “ಇದರಾಗ ನಮ್ಮತ್ತೀ ಕಾಲದಿಂದ ಬರೇ ಬ್ಯಾಳಿ ಒಡದೇವಿ. ಗೋದಿ ಮುಟ್ಟಿಸಿಲ್ಲ” ಎಂದು ಕಾಕೂ ಬಾಗಿಲಿಂದಲೇ ಕೂಗಿ ಹೇಳಿದರು. ಇಂದಿಗೂ ನಮ್ಮ ಮಗಳ ಜೋಳ ಬೀಸುವುದು ಆ ಕಲ್ಲಿನಲ್ಲಿ.

ಮಡಿ ಎಂಬ ಪದ ನಮ್ಮಂಥವರ ಕಿವಿಗೆ ಹಿತವಾದದ್ದಲ್ಲ. ಶಾಲೆಯ ದಿನಗಳಲ್ಲಿ ನೀರಿನ ಲೋಟವನ್ನು ಎತ್ತರದಿಂದ ಸುರಿಸಿಕೊಂಡು ಕುಡಿದ ನೆನಪು ನಮ್ಮಲ್ಲಿ ಹಲವರಿಗಿದೆ. ಆದರೆ ಈಗ ನಮ್ಮ ಮನೆಯಲ್ಲೇ ಪಾತ್ರೆ ಬೇರೆ ಬೇರೆ. ಹಾಗಾದರೆ ಎರಡಕ್ಕೂ ವ್ಯತ್ಯಾಸವೇನು? ನಾವು ಕಂಡುಕೊಂಡದ್ದು ಇಷ್ಟು: ಪಾತ್ರೆ ಬೇರೆಯಾದ ಮೇಲೆ ಮನುಷ್ಯ ಎಲ್ಲಿ ಕೂರುತ್ತಾನೆ ಎಂದು ನೋಡಬೇಕು. ನಮ್ಮ ಮಗಳ ತಟ್ಟೆ ಬೇರೆ, ಆದರೆ ಅವಳು ಕೂರುವುದು ದಸ್ತರ್‌ಖಾನಿನ ನಡುವೆ. ಅವಳು ಎಲ್ಲರ ಜೊತೆ ಕೂರಲೆಂದೇ ತಟ್ಟೆ ಬೇರೆಯಾಗಿದೆ. ಒಬ್ಬರನ್ನು ಪಂಕ್ತಿಯಿಂದ ಎಬ್ಬಿಸಲು ಪಾತ್ರೆ ಬೇರೆ ಮಾಡುವುದಿದೆಯಲ್ಲ, ಅಲ್ಲಿ ದೂರ ಇಡುವುದು ಧಾನ್ಯವನ್ನಲ್ಲ, ಕೈಯನ್ನು.

2022ರ ಯುಗಾದಿಯ ಹೊತ್ತಿಗೆ ಹಲಾಲ್ ಮಾಂಸ ಬಹಿಷ್ಕರಿಸಿ, ಜಾತ್ರೆಗಳಲ್ಲಿ ಮುಸ್ಲಿಮರಿಗೆ ಅಂಗಡಿ ಕೊಡಬೇಡಿ ಎಂಬ ಕರೆಗಳು ನಮ್ಮ ರಾಜ್ಯದಲ್ಲಿ ಕೇಳಿಬಂದಾಗ ಈ ವ್ಯತ್ಯಾಸ ಇನ್ನೂ ನಿಚ್ಚಳವಾಯಿತು. ಜಾತ್ರೆಯಲ್ಲಿ ಬಳೆ, ಆಟಿಕೆ ಮಾರುವವನ ಬುಟ್ಟಿಯಲ್ಲಿ ಮಾಂಸವೂ ಇರಲಿಲ್ಲ, ಮೊಟ್ಟೆಯೂ ಇರಲಿಲ್ಲ. ಸಮಸ್ಯೆ ಬುಟ್ಟಿಯಲ್ಲಿ ಇಲ್ಲದಿದ್ದಾಗ ಬುಟ್ಟಿಯಿಂದ ಏನು ತೆಗೆದರೂ ಪರಿಹಾರವಾಗದು. ಮೊಟ್ಟೆ ಇಲ್ಲದ ಬಿಸ್ಕತ್ತು ದ್ವೇಷವನ್ನು ಗೆಲ್ಲುತ್ತದೆ ಎಂದು ನಾವು ನಂಬಿಲ್ಲ.

ಆದರೂ ಮೊಟ್ಟೆ ಬಿಟ್ಟಿದ್ದೇವೆ, ಅದು ಕಾಕೂ ಮೊಮ್ಮಗನ ಸಲುವಾಗಿ. ಅವನು ಮೊಟ್ಟೆ ತಿನ್ನುವುದಿಲ್ಲ, ನಮ್ಮ ಮಗಳು ಗೋಧಿ ತಿನ್ನುವುದಿಲ್ಲ. ಇಬ್ಬರೂ ಒಂದೇ ಡಬ್ಬಿಗೆ ಕೈ ಹಾಕಬೇಕಾದರೆ ಎರಡೂ ಇರಬಾರದು. ಆ ಹುಡುಗ ನಮ್ಮ ಕಟ್ಟೆಯ ಮೇಲೆ ಕುಳಿತು ಆರೇಳು ಬಿಸ್ಕತ್ತು ಮುಗಿಸುತ್ತಾನೆ. ಕಾಕೂ ನೋಡುತ್ತಾರೆ, ಬೇಡವೆನ್ನುವುದಿಲ್ಲ. ತಾವು ಮಾತ್ರ ತಿಂದಿಲ್ಲ. ತಮ್ಮ ಬೀಗರ ಮನೆಯಲ್ಲೂ ತಿನ್ನದ ಜೀವ ಅದು.

ಕಳೆದ ಈದ್‌ಗೆ ಕಳಿಸಿದ ಡಬ್ಬಿ ಖಾಲಿ ಮರಳಲಿಲ್ಲ. ಅದರ ತುಂಬ ಶೇಂಗಾ ಉಂಡೆ ಇತ್ತು. “ಬೆಲ್ಲ, ಶೇಂಗಾ ಬಿಟ್ರ ಏನೂ ಹಾಕಿಲ್ಲ, ಹುಡುಗೀಗೆ ಕೊಡು” ಎಂದು ಹೇಳಿ ಕಳಿಸಿದ್ದರು. ಅವರ ಕೈಯಡುಗೆ ನಾವು ತಿನ್ನುತ್ತೇವೆ, ನಮ್ಮದು ಅವರು ತಿನ್ನುವುದಿಲ್ಲ. ಈ ಲೆಕ್ಕ ಸಮವಲ್ಲ ಎಂಬುದು ನಮಗೆ ಗೊತ್ತು, ಬಹುಶಃ ಅವರಿಗೂ ಗೊತ್ತು. ಆದರೆ ನಮ್ಮ ಮಗುವಿಗೆ ಏನು ಆಗುವುದಿಲ್ಲ ಎಂದು ನೆನಪಿಟ್ಟು ಉಂಡೆ ಕಟ್ಟಿದ ಕೈ ಅವರದು. ನಮ್ಮ ಮಗಳು ಈಗ ಬಿಸ್ಕತ್ತಿನ ಡಬ್ಬಿ ಹಿಡಿದು ಯಾರ ಮನೆಗೆ ಹೋದರೂ ‘ತಿನ್ನಿ’ ಎನ್ನುವ ಮೊದಲು ‘ನಿಮಗೆ ಯಾವುದು ಆಗೂದಿಲ್ಲ?’ ಎಂದು ಕೇಳುತ್ತಾಳೆ. ಇದನ್ನು ನಾವು ಅವಳಿಗೆ ಕಲಿಸಿದ್ದಲ್ಲ.